ಹೊಸ್ತಿಲ ಮೇಲೆ ಕೂತ ಅತ್ತೆ

ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಪ್ರಾಥಮಿಕ ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವಳು ನಾನು. ನಿವೃತ್ತಿಯಾದ ಮೇಲೆ ದೊಡ್ಡವರೂ ಹಾಗೇ ನಿಲ್ಲಬೇಕೆಂಬ ಆಸೆ ಮಾತ್ರ ಹೋಗಿಲ್ಲ. ಆ ದಿನ ಬೆಳಿಗ್ಗೆ ಜಹೀರಾಬಾದಿನ ನಮ್ಮ ಚರ್ಚಿನ ಅಂಗಳದಲ್ಲಿ ಟೆಂಪೊ ಸಿದ್ಧವಾಗಿತ್ತು. ಒಳಗೆ ಗಾಲಿಕುರ್ಚಿಗಳಿದ್ದವು. ಡ್ರೈವರ್ ಆರಾಮಾಗಿ ಚಹಾ ಕುಡಿಯುತ್ತಿದ್ದ. ಕಡಲಾಚೆಯಿಂದ ಬಂದ ಬಡಿಗ ಸಾಹೇಬರು ಕುರ್ಚಿಗಳಿಗೆ ಕಟ್ಟಿದ್ದ ಹಗ್ಗ ಬಿಚ್ಚಿ, ಸಮಾಧಾನವಾಗದೆ, ಮತ್ತೆ ಕಟ್ಟುತ್ತಿದ್ದರು. ನಾನೊಬ್ಬಳೇ ಅಂಗಳದ ತುಂಬ ಆ ಕಡೆ ಈ ಕಡೆ ಓಡಾಡುತ್ತಿದ್ದೆ.

ಬಡಿಗ ಸಾಹೇಬರು ಎಂದು ಹೆಸರಿಟ್ಟವರು ನಮ್ಮ ಜನವೇ. ಅವರು ತಮ್ಮ ದೇಶದ ಯಾವುದೋ ಸಣ್ಣ ಊರಿನ ಚರ್ಚಿನ ಸ್ವಯಂಸೇವಕರು. ಜೀವಮಾನವಿಡೀ ಮರಗೆಲಸ ಮಾಡಿದವರು, ವಯಸ್ಸಾದ ಮೇಲೂ ಕೈ ಸುಮ್ಮನಿರದೆ, ನಡೆಯಲಾಗದವರಿಗೆ ಗಾಲಿಕುರ್ಚಿ ಹೊಂದಿಸಿ ಕೊಡುವ ತಂಡದ ಜೊತೆ ವಿಮಾನ ಹತ್ತಿದ್ದರು. ತಂಡದ ಉಳಿದವರು ಜಹೀರಾಬಾದಿನಲ್ಲೇ ಶಿಬಿರ ನಡೆಸುತ್ತಿದ್ದರು. ನಾರಾಯಣಖೇಡ ಮತ್ತು ತಾಂಡೂರಿನ ಮನೆಗಳಿಗೆ ಹೋಗುವ ಕೆಲಸ ಇವರ ಪಾಲಿಗೆ ಬಂತು, ಇವರ ಮಾತನ್ನು ನಮ್ಮವರಿಗೆ ದಾಟಿಸುವ ಕೆಲಸ ನನ್ನ ಪಾಲಿಗೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ದಖ್ಖನಿ ಉರ್ದು, ಬೋರ್ಡಿಂಗ್ ಶಾಲೆಯಲ್ಲಿ ಕಲಿತ ಇಂಗ್ಲಿಷು. ನಮ್ಮ ಕಡೆ ಇದೇನೂ ದೊಡ್ಡಸ್ತಿಕೆಯಲ್ಲ.

ನನ್ನ ಅವಸರಕ್ಕೆ ಕಾರಣ ತಾಂಡೂರಿನ ಒಬ್ಬ ಹೆಣ್ಣುಮಗಳು. ಕಲ್ಲು ಪಾಲಿಶ್ ಮಾಡುವ ಫ್ಯಾಕ್ಟರಿಯಲ್ಲಿ ಗಂಡನ ಜೊತೆ ದುಡಿಯುತ್ತಿದ್ದಾಗ ಒರಗಿಸಿಟ್ಟ ಕಲ್ಲು ಜಾರಿ ಬೆನ್ನಿನ ಮೇಲೆ ಬಿದ್ದಿತ್ತು. ಅಂದಿನಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಆಸ್ಪತ್ರೆಯಿಂದ ಬಂದವಳು ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಕೈಯಿಂದ ತಿರುಗಿಸುವ ಹೊಲಿಗೆ ಮಿಷನ್ನನ್ನು ಚಾಪೆಯ ಮೇಲಿಟ್ಟುಕೊಂಡು ಓಣಿಯವರ ರವಿಕೆ ಹೊಲಿಯುತ್ತಿದ್ದಳು. ಕುರ್ಚಿಗೆ ಅಳತೆ ತೆಗೆಯಲು ನಾನು ಹಿಂದಿನ ತಿಂಗಳು ಹೋದಾಗ, ನನ್ನ ಕೈಯಲ್ಲಿದ್ದ ಟೇಪು ಕಸಿದುಕೊಂಡು ತನ್ನ ಅಳತೆಯನ್ನು ತಾನೇ ತೆಗೆದಳು. ಅವತ್ತೇ ನನಗೆ ಅವಳು ಹಿಡಿಸಿಬಿಟ್ಟಳು.

ಅವಳ ಮನೆಯ ಹತ್ತಿರದ ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಹೊಲಿಗೆ ಕಲಿಸುವವರು ಬೇಕಾಗಿದ್ದರು. ಗಂಡ ಹೋಗಿ ಕೇಳಿದ್ದ. ಮುಖ್ಯೋಪಾಧ್ಯಾಯಿನಿ ಇಲ್ಲ ಎನ್ನಲಿಲ್ಲ. ಆದರೆ ದಿನಾ ಗಂಡ ಹೊತ್ತು ತಂದು ಕೂರಿಸುವುದು, ಹೊತ್ತು ಒಯ್ಯುವುದು ನಮ್ಮ ಶಾಲೆಯಲ್ಲಿ ನಡೆಯುವುದಿಲ್ಲ, ತಾನಾಗಿ ಬರುವಂತಿದ್ದರೆ ಬರಲಿ, ಎಂದಿದ್ದರು. ಕುರ್ಚಿ ಬರುತ್ತದೆ ಎಂದು ನಾನು ಫೋನು ಮಾಡಿ ಮಾಡಿ ದಿನ ಮುಂದೂಡಿಸಿದ್ದೆ. ಕೊನೆಗೆ ಅವರು ಬೇಸತ್ತು, ಇವತ್ತು ಸಂಜೆ ನಾನು ಆಫೀಸಿಗೆ ಬೀಗ ಹಾಕುವುದರೊಳಗೆ ಆಕೆ ನನ್ನ ಮುಂದೆ ಇರಬೇಕು, ಇಲ್ಲದಿದ್ದರೆ ನಾಳೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅವರ ಮೇಲೆ ನನಗೆ ಸಿಟ್ಟು ಬಂದಿತ್ತು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ ಎನಿಸಿ ಇನ್ನಷ್ಟು ಸಿಟ್ಟು ಬಂದಿತ್ತು.

ಮೊದಲು ತಾಂಡೂರಿಗೇ ಹೋಗೋಣ ಎಂದು ನಾನು ಪಾಸ್ಟರನ್ನು ಬೇಡಿಕೊಂಡೆ. ಅವರು ನಾರಾಯಣಖೇಡದವರಿಗೆ ಬೆಳಿಗ್ಗೆ ಬರುತ್ತೇವೆಂದು ಮಾತು ಕೊಟ್ಟಾಗಿತ್ತು. ಒಂದು ದಿಕ್ಕಿಗೆ ನಾರಾಯಣಖೇಡ, ಇನ್ನೊಂದು ದಿಕ್ಕಿಗೆ ತಾಂಡೂರು, ನಡುವೆ ನಾವು. ಮಾತು ಕೊಡುವಾಗ ನಕಾಶೆ ನೋಡುವ ಅಭ್ಯಾಸ ನಮ್ಮ ಪಾಸ್ಟರಿಗೆ ಇಲ್ಲ.

ನಾರಾಯಣಖೇಡದಲ್ಲಿ ಕುರ್ಚಿ ಬೇಕಾಗಿದ್ದದ್ದು ಒಬ್ಬ ಮುದುಕರಿಗೆ. ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿತ್ತು. ಕೂರಿಸಿದೆವು, ಮುದುಕರು ಚಲೋ ಅದ ಎಂದರು, ಮನೆಯವರು ಕೈ ಮುಗಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಡಿಗ ಸಾಹೇಬರು ನೆಲದ ಮೇಲೆ ಮಲಗಿ, ಮುದುಕರ ಸ್ವಾಧೀನವಿಲ್ಲದ ಪಾದವನ್ನು ಕೆಳಗಿನಿಂದ ನೋಡಿ, ಕಾಲಿಡುವ ಹಲಗೆ ಸ್ವಲ್ಪ ಓರೆಯಾಗಬೇಕು ಎಂದರು. ಹಲಗೆ ಬಿಚ್ಚಿದರು. ಉಜ್ಜಿದರು. ಹಾಕಿದರು. ಮತ್ತೆ ಬಿಚ್ಚಿದರು. ನಾನು ಗಡಿಯಾರ ತೋರಿಸಿದೆ. ಅವರು ನಗುತ್ತ ತಲೆಯಾಡಿಸಿ ಉಜ್ಜತೊಡಗಿದರು.

ಕೊನೆಗೆ ಪಾದ ಹಲಗೆಯ ಮೇಲೆ ನೆಟ್ಟಗೆ ಕೂತಾಗ ಮುದುಕರು ತಮ್ಮ ಕಾಲನ್ನೇ ನೋಡುತ್ತ, “ಇದು ನನ್ನ ಕಾಲೇನು?” ಎಂದು ಮಗನನ್ನು ಕೇಳಿದರು. ನನ್ನ ಬಾಯಿಗೆ ಬಂದಿದ್ದ ಬೈಗುಳ ಗಂಟಲಲ್ಲೇ ಉಳಿಯಿತು. ಆಮೇಲೆ ಊಟ ಮಾಡದೆ ಬಿಡುವುದಿಲ್ಲ ಎಂದು ಮನೆಯವರು ಬಾಗಿಲಿಗೆ ಅಡ್ಡ ನಿಂತರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಸಾಹೇಬರ ಮುಖ ಕೆಂಪಗಾಯಿತು, ಕಣ್ಣಲ್ಲಿ ನೀರು ಬಂತು, ಆದರೂ ಎರಡನೇ ರೊಟ್ಟಿ ಕೇಳಿದರು. ಆ ಮನುಷ್ಯನಿಗೆ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡಲು ಬರುವುದಿಲ್ಲ ಎಂದು ಆಗ ಗೊತ್ತಾಯಿತು.

ಊರು ದಾಟುವಾಗ ತೊಗರಿ ತುಂಬಿದ ಟ್ರ್ಯಾಕ್ಟರುಗಳು ಮಾರ್ಕೆಟ್ಟಿನ ರಸ್ತೆಯನ್ನು ಕಟ್ಟಿಹಾಕಿದ್ದವು. ಮುಂದೆ ಒಂದು ಸರ್ಕಾರಿ ಬಸ್ಸು, ಹಿಂದೆ ಒಂದು, ನಡುವೆ ನಮ್ಮ ಟೆಂಪೊ. ಡ್ರೈವರ್ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ.

“ಅಕ್ಕೋರೆ, ನೀವು ಹಿಂಗ ಪರೇಶಾನ ಆದ್ರ ರಸ್ತಾ ಬಿಡ್ತದೇನ್ರಿ?” ಎಂದ.

“ನೀ ಬಾಯಿ ಮುಚ್ಚಿ ಹಾರ್ನ್ ಹೊಡಿ,” ಎಂದೆ.

ಅವನು ಹೊಡೆದ. ಎದುರಿನ ಟ್ರ್ಯಾಕ್ಟರಿನವನೂ ಹೊಡೆದ. ಬಡಿಗ ಸಾಹೇಬರು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡೋಣವೆಂದರೆ ನನಗೆ ಪ್ರಾರ್ಥನೆಯ ಬದಲು ಆ ಟ್ರ್ಯಾಕ್ಟರಿನವನ ಮುಖವೇ ಕಾಣುತ್ತಿತ್ತು.

ತಾಂಡೂರಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಊರ ಹೊರಗಿನಿಂದಲೇ ಕಲ್ಲಿನ ಬಿಳಿ ಧೂಳು ಶುರುವಾಗುತ್ತದೆ. ಗಿಡ, ಗೋಡೆ, ನಾಯಿ, ಎಲ್ಲಕ್ಕೂ ಅದೇ ಬಣ್ಣ. ಅವಳ ಮನೆಯ ಓಣಿಯೊಳಗೆ ಟೆಂಪೊ ಹೋಗುವುದಿಲ್ಲ. ಕುರ್ಚಿಯನ್ನು ಸಾಹೇಬರು ತಾವೇ ತಲೆಯ ಮೇಲೆ ಹೊತ್ತು ನಡೆದರು. ಓಣಿಯ ಜನವೆಲ್ಲ ಬಾಗಿಲಿಗೆ ಬಂದು ನೋಡಿತು.

ಬಾಗಿಲಲ್ಲಿ ಅವಳ ಅತ್ತೆ ನಿಂತಿದ್ದರು. ಹಣೆಯ ತುಂಬ ವಿಭೂತಿ, ಸೆರಗು ತಲೆಯ ಮೇಲೆ. ನೀರು ಕೊಟ್ಟು, ಕೂರಿಸಿ, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

“ಅಕ್ಕೋರೆ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಕುರ್ಚಿ ತಗೊಂಡ್ರ ನಾವು ನಿಮ್ಮ ಗುಡಿಗಿ ಬರಬೇಕೇನ್ರಿ?”

“ಬ್ಯಾಡ್ರಿ ಅವ್ವಾ. ಹುಟ್ಟಿದಾಗಿಂದ ಬರೋರೇ ಆಯಿತ್ವಾರ ಬರವಲ್ರು,” ಎಂದೆ.

ಅವರು ನಕ್ಕರು. ಅಲ್ಲಿಗೆ ಆ ಮಾತು ಮುಗಿಯಿತು.

ಒಳಗೆ ಸೊಸೆ ಹೊಸ ಸೀರೆ ಉಟ್ಟು, ತಲೆ ಬಾಚಿ, ತಾನು ಹೊಲಿದ ರವಿಕೆಗಳನ್ನು ಚೀಲದಲ್ಲಿಟ್ಟುಕೊಂಡು ತಯಾರಾಗಿ ಕೂತಿದ್ದಳು. ಗಂಡ ಎತ್ತಿ ಕುರ್ಚಿಯಲ್ಲಿ ಕೂರಿಸಿದ. ಸಾಹೇಬರು ಅಲ್ಲಿ ಇಲ್ಲಿ ತಿರುಪು ಬಿಗಿದರು. ಅವಳು ಗಾಲಿಗಳ ಮೇಲೆ ಕೈಯಿಟ್ಟು ಪಡಸಾಲೆಯಲ್ಲಿ ಒಂದು ಸುತ್ತು ಬಂದಳು, ಮತ್ತೊಂದು ಸುತ್ತು ಬಂದಳು. ನಿಲ್ಲು ಎಂದರೂ ನಿಲ್ಲಲಿಲ್ಲ. ಅಷ್ಟು ವೇಗವಾಗಿ ಕಲಿತವರನ್ನು ನಾನು ಶಾಲೆಯಲ್ಲೂ ಕಂಡಿಲ್ಲ.

ಆಮೇಲೆ ಬಾಗಿಲಿಗೆ ಬಂದಳು. ಕುರ್ಚಿಯ ಮುಂದಿನ ಸಣ್ಣ ಗಾಲಿಗಳು ಹೊಸ್ತಿಲಿಗೆ ಬಡಿದು ನಿಂತವು.

ಹಳೆಯ ಕಾಲದ ಮನೆ. ತೇಗದ ಹೊಸ್ತಿಲು, ಒಂದು ಗೇಣು ಎತ್ತರ. ಅಳತೆ ತೆಗೆಯಲು ಬಂದಾಗ ಬಾಗಿಲ ಅಗಲ ನೋಡಿದ್ದೆವು. ಹೊಸ್ತಿಲಿನ ಎತ್ತರ ನೋಡುವುದು ಯಾರಿಗೂ ಹೊಳೆದಿರಲಿಲ್ಲ. ದಿನಾ ದಾಟುವವರಿಗೆ ಅದು ಎಲ್ಲಿ ಕಾಣುತ್ತದೆ? ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿಯ ಫೋನು ಬಂತು. ಗದ್ದಲದಲ್ಲಿ ಕೇಳದೆ ನಾನು ಓಣಿಗೆ ಹೋಗಿ, ಬರುತ್ತಿದ್ದೇವೆ ಮೇಡಂ, ಹೊರಟೇ ಬಿಟ್ಟಿದ್ದೇವೆ, ಎಂದು ತೆಲುಗಿನಲ್ಲಿ ಗೋಗರೆಯುತ್ತ ನಿಂತೆ.

ಅಷ್ಟೇ ಹೊತ್ತು ಸಾಹೇಬರಿಗೆ ಸಾಕಾಯಿತು. ಅವರ ಕಣ್ಣಿಗೆ ಹೊಸ್ತಿಲು ದಾರಿಗೆ ಅಡ್ಡವಾದ ಒಂದು ಮರದ ತುಂಡು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಗುರುತು ಹಾಕಿದ್ದಾರೆ, ಚೀಲದಿಂದ ಗರಗಸ ತೆಗೆದಿದ್ದಾರೆ, ಆಧಾರಕ್ಕೆಂದು ಬೂಟುಗಾಲನ್ನು ಹೊಸ್ತಿಲ ಮೇಲಿಟ್ಟು ಒಂದು ಎಳೆತ ಎಳೆದೇ ಬಿಟ್ಟಿದ್ದಾರೆ. ಗಂಡ ಹಿತ್ತಲಲ್ಲಿದ್ದ. ಸೊಸೆ “ಬ್ಯಾಡ, ಬ್ಯಾಡ” ಎಂದದ್ದು ಅವರಿಗೆ ತಿಳಿದಿಲ್ಲ. ಒಳಗಿನಿಂದ ಚಹಾ ತಂದ ಅತ್ತೆ ಅದನ್ನು ನೋಡಿ, ಕಪ್ಪುಗಳ ತಟ್ಟೆಯನ್ನು ನೆಲಕ್ಕಿಟ್ಟು, ಬಂದು ಹೊಸ್ತಿಲ ಮೇಲೆ ಕೂತುಬಿಟ್ಟರು.

ನಾನು ತಿರುಗಿ ನೋಡಿದಾಗ ಕಂಡದ್ದು ಅದು. ಹೊಸ್ತಿಲ ಮೇಲೆ ಯಾರೂ ಕೂಡುವುದಿಲ್ಲ, ಕೂತ ಮಕ್ಕಳನ್ನು ಬೈದು ಎಬ್ಬಿಸುತ್ತಾರೆ. ನಮ್ಮ ಮನೆಯಲ್ಲೂ ಅಷ್ಟೇ. ನಮ್ಮ ಮುತ್ತಜ್ಜ ಕ್ರಿಸ್ತನನ್ನು ಒಪ್ಪಿಕೊಂಡರಂತೆ, ಹೊಸ್ತಿಲ ಮೇಲೆ ಕೂಡುವುದನ್ನು ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲವಂತೆ. ಗರಗಸ ತಡೆಯಲು ಆ ತಾಯಿ ಜನ್ಮದಲ್ಲಿ ಮಾಡದ ಕೆಲಸ ಮಾಡಿದ್ದರು. ಅವರ ಪಕ್ಕದಲ್ಲಿ ಅರಿಶಿನ ಬೆರೆತ ಮರದ ಪುಡಿ ಹಳದಿಯಾಗಿ ಬಿದ್ದಿತ್ತು.

“ಅವರಿಗಿ ಹೇಳ್ರಿ ಅಕ್ಕೋರೆ,” ಎಂದರು. “ಮೊದಲ ನನ್ನ ಕೊಯ್ಯಲಿ, ಆಮ್ಯಾಲ ಹೊಸ್ತಿಲ ಕೊಯ್ಯಲಿ.”

ನನಗೆ ತಾಳ್ಮೆ ಎಲ್ಲಿಂದ ಬರಬೇಕು. “ಅವ್ವಾ, ಹೊತ್ತು ಹೋಗಾಕತ್ತದ. ಸೊಸಿ ಹೊರಗ ಬರೋದು ಬ್ಯಾಡೇನು ನಿಮಗ?” ಎಂದುಬಿಟ್ಟೆ.

ಅವರು ನನ್ನ ಮುಖವನ್ನು ನೋಡಿದ ರೀತಿಗೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. “ಬಿದ್ದಾಗಿಂದ ಅಕಿ ಮೈ ತೊಳದೀನಿ, ತಲಿ ಬಾಚೀನಿ, ಉಚ್ಚಿ ಬಳದೀನಿ. ನನಗ ಬ್ಯಾಡಂತೀರೇನು? ಅಕಿ ನೌಕ್ರಿ ಮಾಡಬೇಕು, ಹೊರಗ ಹೋಗಬೇಕು. ಖರೇ ಈ ಮನ್ಯಾಗ ದಿನಾ ಮುಂಜಾನಿ ನಾ ಇದಕ್ಕ ಕೈ ಮುಗದು ಅಕಿ ಬದಕಲಿ ಅಂತ ಬೇಡೀನಿ. ಬೇಡಿದ್ದು ಆತು ಅಂತ ಅದಕ್ಕೇ ಗರಗಸ ಹಾಕ್ಲೇನು?”

ನಾನು ಫೋನನ್ನು ಚೀಲಕ್ಕೆ ಹಾಕಿದೆ.

ಸಾಹೇಬರು ಏನಾಯಿತು, ಏನಾಯಿತು ಎಂದು ಕೇಳುತ್ತಲೇ ಇದ್ದರು. ನಿಮ್ಮ ಚರ್ಚಿನಲ್ಲಿ ದೇವರ ಮೇಜು ದಾರಿಗೆ ಅಡ್ಡವಾಗಿದೆಯೆಂದು ಯಾರಾದರೂ ಬೂಟುಗಾಲಿಟ್ಟು ಕೊಯ್ದರೆ ಹೇಗಿರುತ್ತದೆ, ಹಾಗೆ ಮಾಡಿದ್ದೀರಿ ಎಂದೆ. ಅವರು ತಕ್ಷಣ ಗರಗಸವನ್ನು ಚೀಲದೊಳಗಿಟ್ಟರು. ಬೂಟು ಬಿಚ್ಚಿದರು. ಓಣಿಯ ನೆಲದ ಮೇಲೆ ಅತ್ತೆಯ ಎದುರಿಗೆ ಮಂಡಿಯೂರಿ, ತನಗೆ ಗೊತ್ತಿರಲಿಲ್ಲ, ಕ್ಷಮಿಸಬೇಕು ಎಂದು ಹೇಳಲು ನನಗೆ ಹೇಳಿದರು. ನಾನು ಹೇಳಿದೆ.

“ಮಾಫಿ ಗೀಫಿ ಇರಲಿ,” ಎಂದರು ಅತ್ತೆ. “ಚಹಾ ಆರ್ತದ, ಕುಡೀರಿ ಅನ್ರಿ.” ಆದರೆ ಎದ್ದೇಳಲಿಲ್ಲ.

ಹಿತ್ತಲಿನಿಂದ ಬಂದ ಗಂಡ, ಹೆಂಡತಿಯನ್ನು ಎತ್ತಿ ಆಚೆ ಕೂರಿಸುತ್ತೇನೆ, ಕುರ್ಚಿಯನ್ನು ದಾಟಿಸಿದರಾಯಿತು ಎಂದ. ಅದೂ ಸರಿಯೆಂದು ನಾನು ತಲೆಯಾಡಿಸಿದೆ. ಅವಳು ಮಾತ್ರ ಎರಡೂ ಗಾಲಿ ಗಟ್ಟಿ ಹಿಡಿದುಕೊಂಡಳು.

“ನೀವು ಫ್ಯಾಕ್ಟರಿಗಿ ಹೋದ ಮ್ಯಾಲ ದಿನಾ ಯಾರು ಎತ್ತೋರು? ಮೇಡಂ ಕೇಳಿದ್ರ ಸುಳ್ಳ ಹೇಳ್ಲೇನು? ನಾನೇ ಹೋಗ್ತೀನಿ, ಇಲ್ಲಾಂದ್ರ ಹೋಗಂಗಿಲ್ಲ,” ಎಂದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು. “ಅತ್ತಿ, ರವಿಕಿ ಬಿಗಿ ಆದ್ರ ನಾ ಕತ್ತರಸ್ತೀನೇನು? ಎರಡೂ ಬಗಲಾಗ ತುಂಡು ಹಚ್ಚತೀನಿ. ಹೊಸ್ತಿಲ ಹಂಗೇ ಇರಲಿ. ಈ ಕಡಿ ಆ ಕಡಿ ನೆಲ ಏರಸಿದ್ರ?”

ನಾನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ಮೊದಲೇ ಸಾಹೇಬರು ಎದ್ದು ನಿಂತಿದ್ದರು. ತಾಂಡೂರಿನಲ್ಲಿ ಕಲ್ಲಿಗೆ ಬರವೇ? ಆ ಮನೆಯ ಗೋಡೆಗೇ ನೆಲಕ್ಕೆ ಹಾಸುವ ಒಡಕು ಪರಸಿಕಲ್ಲುಗಳು ಒರಗಿದ್ದವು. ಅತ್ತೆ ಇನ್ನೂ ಕೂತೇ ಇದ್ದರು. “ಕಾಲಿಂದ ತುಳಿಬಾರದು, ಗಾಲಿಂದ ತುಳಿಬಹುದೇನು?” ಎಂದರು. ನ್ಯಾಯವಾದ ಮಾತು. ಸಾಹೇಬರು ತಲೆ ಕೆರೆದುಕೊಂಡು, ನೆಲದ ಧೂಳಿನಲ್ಲಿ ಚಿತ್ರ ಬರೆದರು. ಎರಡು ಗಾಲಿಗೆ ಎರಡೇ ಕಿರಿದಾದ ಕಲ್ಲಿನ ಪಟ್ಟಿ, ಹೊಸ್ತಿಲನ್ನು ಮುಟ್ಟದ ಹಾಗೆ ಮೇಲಿಂದ ಹಾಯ್ದು ಹೋಗಬೇಕು, ನಡುವಿನ ಜಾಗ ತೆರೆದೇ ಇರಬೇಕು.

ಅತ್ತೆ ಚಿತ್ರವನ್ನು ಬಹಳ ಹೊತ್ತು ನೋಡಿದರು. “ಕಲ್ಲಿನ ಕೆಳಗೂ ಅರಿಶಿನ ಹಚ್ಚಬೇಕು. ನನ್ನ ಕೈ ಹೋಗ್ತದೇನು ಕೇಳ್ರಿ.”

ಸಾಹೇಬರು ಟೇಪು ತೆಗೆದರು. ಅತ್ತೆ ಕೈ ಚಾಚಿದರು. ಬಳೆ ತೊಟ್ಟ ಆ ಕೈಯ ದಪ್ಪವನ್ನು ಅವರು ಅಳೆದು, ಬಳೆಗೂ ಸೇರಿಸಿ ಸ್ವಲ್ಪ ಹೆಚ್ಚಿಗೆ ಬಿಟ್ಟು, ಪೆನ್ಸಿಲಿನಿಂದ ತಮ್ಮ ಅಂಗೈ ಮೇಲೆ ಗುರುತು ಮಾಡಿಕೊಂಡರು. ಆಗ ಅತ್ತೆ ಹೊಸ್ತಿಲಿನಿಂದ ಎದ್ದರು.

ಮುಂದಿನದು ಬರೀ ಕೆಲಸ. ಗಂಡ ಓಡಿಹೋಗಿ ಫ್ಯಾಕ್ಟರಿಯ ಗೆಳೆಯರನ್ನು ಕರೆತಂದ. ಕಲ್ಲು ಕತ್ತರಿಸುವವರು ಅವರು, ಪಟ್ಟಿ ತೆಗೆಯಲು ಅವರಿಗೆ ಹೊತ್ತು ಬೇಕಾಗಲಿಲ್ಲ. ಒಳಗೊಂದು ಇಳಿಜಾರು, ಹೊರಗೊಂದು ಇಳಿಜಾರು, ಕೆಳಗೆ ಮಣ್ಣು ಮತ್ತು ಚೂರುಕಲ್ಲು. ಸಾಹೇಬರು ಕುರ್ಚಿ ಬಂದ ಪೆಟ್ಟಿಗೆಯ ಹಲಗೆಯನ್ನು ಟೆಂಪೊದಿಂದ ತರಿಸಿ ಕೊಯ್ದು ಅಲ್ಲಲ್ಲಿ ಬೆಣೆ ಬಡಿದರು. ನಾನು ಸೆರಗು ಸಿಕ್ಕಿಸಿ ಮಣ್ಣಿನ ಬುಟ್ಟಿ ಹೊತ್ತೆ. ಹೆಗಲಿಗೆ ಫೋನು ಒತ್ತಿಕೊಂಡು ಮುಖ್ಯೋಪಾಧ್ಯಾಯಿನಿಗೆ ಇನ್ನೊಂದು ಸಲ ಹೇಳಿದೆ. ಬೀಗದ ಕೈ ಕೈಯಲ್ಲಿದೆ ಟೀಚರ್, ಎಂದರು ಅವರು.

ಎಲ್ಲ ಮುಗಿದ ಮೇಲೆ ಅತ್ತೆ ಕಲ್ಲಿನ ಪಟ್ಟಿಯ ಕೆಳಗೆ ಕೈ ಹಾಕಿ ನೋಡಿದರು. ಬಳೆ ಸಮೇತ ಹೋಯಿತು. ಗರಗಸದ ಗಾಯದ ಮೇಲೆ ಅರಿಶಿನ ಒತ್ತಿ, ಕುಂಕುಮ ಇಟ್ಟು, ಪಕ್ಕಕ್ಕೆ ಸರಿದು, “ಬಾ” ಎಂದರು.

ಸೊಸೆ ಗಾಲಿ ತಿರುಗಿಸಿದಳು. ಅರ್ಧ ಏರಿದ ಕುರ್ಚಿ ಹಿಂದಕ್ಕೆ ಜಾರಿತು. ಗಂಡ ಓಡಿದ, ಸಾಹೇಬರು ಓಡಿದರು, ನಾನೂ ಓಡಿದೆ. ಅತ್ತೆ ಎರಡೂ ಕೈ ಅಗಲಿಸಿ ನಮ್ಮನ್ನೆಲ್ಲ ತಡೆದರು.

“ಯಾರೂ ಮುಟ್ಟಬ್ಯಾಡ್ರಿ. ನಾಳಿ ನೀವೆಲ್ಲ ಇಲ್ಲಿ ಇರ್ತೀರೇನು?”

ಅವಳು ಹಿಂದೆ ಪಡಸಾಲೆಯ ಗೋಡೆಯವರೆಗೂ ಹೋದಳು. ಉಸಿರು ಎಳೆದುಕೊಂಡಳು. ಹಲ್ಲು ಕಚ್ಚಿ ಬಂದಳು. ಗಾಲಿಗಳು ಕಲ್ಲಿನ ಮೇಲೆ ಏರಿದವು, ಹೊಸ್ತಿಲು ದಾಟಿದವು, ಇಳಿದವು. ಓಣಿಯ ಇಳಿಬಿಸಿಲಿಗೆ ಅವಳು ಕಣ್ಣು ಕಿರಿದು ಮಾಡಿ ನಿಂತಳು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಶಾಲೆಯವರೆಗೆ ಅವಳೇ ಗಾಲಿ ತಿರುಗಿಸಿದಳು. ಗುಂಡಿ ಬಂದರೆ ಬಳಸಿ ಹೋದಳು, ಕಲ್ಲಿನ ಲಾರಿ ಬಂದರೆ ಗೋಡೆಗೆ ಸರಿದು ನಿಂತಳು. ಸಾಹೇಬರು ಮತ್ತು ನಾನು ಹಿಂದೆ ನಡೆದೆವು. ಎಲ್ಲಿ ನೂಕಿಬಿಡುತ್ತೇನೋ ಎಂದು ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ.

ಶಾಲೆಯ ಗೇಟಿನೊಳಗೆ ಹೋದೆವು. ಮುಖ್ಯೋಪಾಧ್ಯಾಯಿನಿ ಜಗುಲಿಯಲ್ಲಿ ನಿಂತು ಆಫೀಸಿನ ಬಾಗಿಲು ಎಳೆದುಕೊಳ್ಳುತ್ತಿದ್ದರು. ಜಗುಲಿಗೆ ಹತ್ತಲು ಮೆಟ್ಟಿಲುಗಳಿದ್ದವು. ಕುರ್ಚಿ ಮೊದಲ ಮೆಟ್ಟಿಲ ಮುಂದೆ ನಿಂತಿತು. ಇಲ್ಲಿಯವರೆಗೆ ಬಂದು ಇಲ್ಲಿ. ಹೇಳಲು ನನ್ನ ಬಾಯಲ್ಲಿ ಹತ್ತು ಮಾತು ತಯಾರಿದ್ದವು. ಅವಳು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿ, ತಾನೇ ತೆಲುಗಿನಲ್ಲಿ ಮಾತಾಡಿದಳು.

“ಮೇಡಂ, ನಮ್ಮ ಮನೆಯಿಂದ ಇಲ್ಲಿಯ ತನಕ ನಾನೇ ಬಂದಿದ್ದೇನೆ. ಯಾರೂ ಹೊತ್ತಿಲ್ಲ, ಯಾರೂ ನೂಕಿಲ್ಲ. ನಮ್ಮ ಮನೆಯದನ್ನು ನಾವು ನೋಡಿಕೊಂಡಿದ್ದೇವೆ. ಈ ಮೆಟ್ಟಿಲು ಶಾಲೆಯದು.”

ಮುಖ್ಯೋಪಾಧ್ಯಾಯಿನಿ ಅವಳನ್ನು ನೋಡಿದರು. ಆಮೇಲೆ ಮೆಟ್ಟಿಲುಗಳನ್ನು ನೋಡಿದರು. ಬೀಗವನ್ನು ಪರ್ಸಿಗೆ ಹಾಕಿ ಕೆಳಗಿಳಿದು ಬಂದು, ಕೊನೆಯ ಮೆಟ್ಟಿಲ ಮೇಲೆ ಅವಳ ಎದುರಿಗೆ ಕೂತರು.

“ಹುಡುಗಿಯರಿಗೆ ಮೊದಲು ಏನು ಕಲಿಸುತ್ತೀರಿ?” ಎಂದು ಕೇಳಿದರು.

“ಬಿಚ್ಚುವುದನ್ನು, ಮೇಡಂ. ತಪ್ಪು ಹೊಲಿಗೆಯನ್ನು ಬಟ್ಟೆ ಹರಿಯದ ಹಾಗೆ ಬಿಚ್ಚಲು ಬಂದರೆ ಆಮೇಲೆ ಹೊಲಿಯಲು ಹೆದರುವುದಿಲ್ಲ.”

ಚೀಲದಿಂದ ರವಿಕೆ ತೆಗೆದು ತೋರಿಸಲು ಹೊರಟಳು. ಅವರು ನೋಡಲಿಲ್ಲ. ಹೊಲಿಗೆ ಮಿಷನ್ನುಗಳೆಲ್ಲ ಜಗುಲಿಯ ಆಚೆಯ ಕೋಣೆಯಲ್ಲಿವೆ, ನಾಳೆ ಬೆಳಿಗ್ಗೆ ಕೆಳಗಿನ ಶೆಡ್ಡಿಗೆ ಇಳಿಸಲು ವಾಚ್‌ಮನ್ನನಿಗೆ ಹೇಳುತ್ತೇನೆ, ನೀವು ಪ್ರಾರ್ಥನೆಯ ಬೆಲ್ಲಿಗೆ ಬಂದುಬಿಡಿ, ಎಂದರು. ಎದ್ದು ಸೀರೆಯ ಧೂಳು ಜಾಡಿಸಿಕೊಂಡು ಮತ್ತೆ ಬೀಗ ಹಾಕಲು ಹೋದರು.

ಸಾಹೇಬರು ಏನಾಯಿತೆಂದು ಕೇಳಿದರು. ನನಗೆ ಇಂಗ್ಲಿಷೇ ಹೊಳೆಯಲಿಲ್ಲ. ಅವರು ಅವಳ ಮುಖ ನೋಡಿ ತಾವೇ ತಿಳಿದುಕೊಂಡರು.

ಗೇಟು ದಾಟಿ ರಸ್ತೆಗೆ ಬಂದ ಮೇಲೆ ಅವಳು ಕುರ್ಚಿ ನಿಲ್ಲಿಸಿದಳು. ಅಂಗೈ ಬಿಡಿಸಿ ನೋಡಿಕೊಂಡಳು. ಎರಡೂ ಕೈಯಲ್ಲಿ ಬೊಬ್ಬೆ ಎದ್ದು ಒಡೆದಿದ್ದವು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಹಿಂದೆ ತಿರುಗದೆಯೇ ಹೇಳಿದಳು:

“ಅಕ್ಕೋರೆ, ಈಗ ನೂಕ್ರಿ. ಕೈ ಸೋತಾವ.”